ಹೊಳ್ಳಿ ಬರುವ ದಾರಿ

ಜೂನ್ 1, 2025, ಭಾನುವಾರ, ಕೊಪ್ಪಳ

ಹೊರದೇಶಕ್ಕೆ ಹೊರಟವರಿಗಾಗಿ ನಡೆಸುವ ಭಾನುವಾರದ ತರಗತಿ ಈ ವರ್ಷ ಇಂದು ಶುರುವಾಯಿತು. ನರ್ಸಿಂಗ್ ಮುಗಿಸಿ ಜರ್ಮನ್ ಕಲಿಯುತ್ತಿರುವ ಗಂಗಾವತಿಯ ಹುಡುಗಿಯರು, ಜಾರ್ಜಿಯಾದಲ್ಲಿ ವೈದ್ಯಕೀಯ ಓದಬೇಕೆಂದಿರುವ ಯಲಬುರ್ಗಾದ ಹುಡುಗ, ಐಟಿಐ ಮುಗಿಸಿ ಕೊಲ್ಲಿ ದೇಶಗಳ ಕಡೆ ನೋಡುತ್ತಿರುವ ಕುಷ್ಟಗಿಯ ಗೆಳೆಯರ ಗುಂಪು, ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಗೆ ಅರ್ಜಿ ಹಾಕಿ ಇಂಗ್ಲೆಂಡಿಗೆ ಹೋಗುವ ಆಸೆ ಹೊತ್ತ ಕೊಪ್ಪಳದ ಒಬ್ಬಳು. ಕುಷ್ಟಗಿಗೆ ಮೇ 15ರಂದು ಮೊದಲ ರೈಲು ಬಂದಿದೆ, ಆ ಹುಡುಗರ ಬಾಯಲ್ಲಿ ಇನ್ನೂ ಅದೇ ಮಾತು. ಊರಿಗೆ ರೈಲು ಬರುವ ಮೊದಲೇ ಇವರ ಮನಸ್ಸು ವಿಮಾನ ಹತ್ತಿತ್ತು.

ಮೊದಲ ದಿನ ನಾನು ಯಾವ ದೇಶದ ಮಾತೂ ಎತ್ತುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಬೆಂಚಿನ ಮೇಲೆ ಒಂದರ ಪಕ್ಕ ಒಂದು ಇಡಿಸುತ್ತೇನೆ. ಒಬ್ಬನ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೇ ಒಂದು ಇಂಗ್ಲಿಷ್ ಅಕ್ಷರ. ಆಧಾರ್‌ನಲ್ಲಿ ಅದು ಅಪ್ಪನ ಹೆಸರಾಗಿ ಬಿಚ್ಚಿಕೊಂಡಿದೆ. ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಹೋಗಿ ಮನೆತನದ ಹೆಸರು ಕೂತಿದೆ. ಹುಡುಗ ಒಬ್ಬನೇ, ಕಾಗದದಲ್ಲಿ ಮೂವರು. ಇದನ್ನು ಸರಿಪಡಿಸದೆ ಪಾಸ್‌ಪೋರ್ಟ್ ಮಾಡಿಸಿದರೆ ಮುಂದೆ ವೀಸಾ ಕೇಳುವಾಗ, ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ ಹಾಕಿಸುವಾಗ ಪ್ರತಿ ಕಿಟಕಿಯಲ್ಲೂ ಅಫಿಡವಿಟ್ ಬರೆಯುತ್ತಾ ಕೂರಬೇಕು. ಇನ್ನೂ ಕೆಲವರ ಹತ್ತಿರ ಇರುವುದೇ ಒಂಟಿ ಹೆಸರು, ಮುಂದೆ ಹಿಂದೆ ಏನೂ ಇಲ್ಲ. 2022ರ ನವೆಂಬರ್‌ನಲ್ಲಿ ಅರಬ್ ಎಮಿರೇಟ್ಸ್ ಒಂಟಿ ಹೆಸರಿನ ಪಾಸ್‌ಪೋರ್ಟಿನ ಮೇಲೆ ವಿಸಿಟ್ ವೀಸಾದಲ್ಲಿ ಬರುವವರನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ನಿಯಮ ಮಾಡಿತು. ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ?

ವಯಸ್ಕರ ಪಾಸ್‌ಪೋರ್ಟಿಗೆ 1,500 ರೂಪಾಯಿ, ಹತ್ತು ವರ್ಷ ಬಾಳಿಕೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ದಿನ ಗೊತ್ತು ಮಾಡಿಕೊಂಡು ಹೋಗಬಹುದು. ಇದಕ್ಕೆ ಏಜೆಂಟರಿಗೆ ಏಳೆಂಟು ಸಾವಿರ ಕೊಟ್ಟು ಬಂದವರೂ ಇದ್ದಾರೆ. ಬೇಸರವಾಗುತ್ತದೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂಬ ನಮೂದು ಬರುತ್ತದೆ. ಸೌದಿ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಅವರು ದುಡಿಯಲು ಹೋಗಬೇಕಾದರೆ ವಲಸಿಗರ ಸಂರಕ್ಷಕರ ಕಚೇರಿಯ ಅನುಮತಿ ಬೇಕು. ನಮ್ಮಲ್ಲಿ ಅದನ್ನು ಕಳಂಕ ಎಂದುಕೊಂಡಿದ್ದಾರೆ. ‘ವಿಸಿಟ್ ವೀಸಾ ಮಾಡಿಸಿ ದಾಟಿಸ್ತೀನಿ’ ಎನ್ನುವವನ ಕಡೆಗೆ ಓಡುತ್ತಾರೆ. ಆ ಅನುಮತಿಯ ದಾರಿಯಲ್ಲಿ ಹೋದವನ ಕರಾರುಪತ್ರವನ್ನು ಸರ್ಕಾರ ನೋಡಿರುತ್ತದೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಇರುತ್ತದೆ. ವಿಸಿಟ್ ವೀಸಾದಲ್ಲಿ ದಾಟಿದವನು ಅಲ್ಲಿ ಕೆಲಸಕ್ಕೆ ನಿಂತ ಕ್ಷಣವೇ ಕಾನೂನಿನ ಹೊರಗೆ. ಸಂಬಳ ಕೊಡದಿದ್ದರೆ ದೂರು ಕೊಡಲೂ ಬಾಯಿಲ್ಲ. ಆ ನಮೂದು ಕಾವಲು ಎಂದು ಹಿಂದಿನ ಬೆಂಚಿನವರೆಗೂ ಕೇಳುವಂತೆ ಎರಡು ಸಲ ಹೇಳಿದೆ.

ಜೂನ್ 12, ಗುರುವಾರ

ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಇಂದಿಗೆ ಒಂದು ವರ್ಷ. ನಸುಕಿನಲ್ಲಿ, ಎಲ್ಲರೂ ಮಲಗಿದ್ದಾಗ, ನೆಲಮಹಡಿಯಲ್ಲಿ ಹತ್ತಿದ ಬೆಂಕಿ. ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲೇರಿತು. ಎರಡು ದಿನದ ಮೇಲೆ ವಾಯುಪಡೆಯ ವಿಮಾನದಲ್ಲಿ 45 ಭಾರತೀಯರ ಶವಗಳು ಕೊಚ್ಚಿಗೆ ಬಂದವು. ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಇದನ್ನೇ ಈ ಭಾನುವಾರದ ಪಾಠ ಮಾಡಬೇಕು ಎಂದುಕೊಂಡು ಬೆಳಿಗ್ಗೆಯೇ ಟಿಪ್ಪಣಿ ಬರೆದಿಟ್ಟಿದ್ದೆ.

ಮಧ್ಯಾಹ್ನ ಅಹಮದಾಬಾದಿನ ಸುದ್ದಿ. ಲಂಡನ್ನಿಗೆ ಹೊರಟ ವಿಮಾನ ಏರಿದ ಕೂಡಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿದೆ. ಒಳಗಿದ್ದ 242 ಜನರಲ್ಲಿ ಒಬ್ಬನೇ ಬದುಕಿದ್ದಾನಂತೆ. ಸಂಜೆಯಿಂದ ಫೋನ್ ನಿಂತಿಲ್ಲ. ಇಂಗ್ಲೆಂಡಿನ ಆಸೆ ಹೊತ್ತ ಹುಡುಗಿಯ ತಾಯಿ ಮಾತಾಡಲೇ ಇಲ್ಲ, ಅತ್ತರು. ನಾನೂ ಏನೂ ಹೇಳಲಿಲ್ಲ. ಭಾನುವಾರ ಬನ್ನಿ ಎಂದೆ.

ಜೂನ್ 15, ಭಾನುವಾರ

ತಾಯಂದಿರೂ ಬಂದಿದ್ದರು. ವಿಮಾನದ ಭಯಕ್ಕೆ ನನ್ನ ಬಳಿ ಇದ್ದದ್ದು ನೇರ ಉತ್ತರ: ವಿಮಾನ ಹಾರಿಸುವುದು, ಅದರ ಯಂತ್ರ ನೋಡುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಇಳಿದ ಮೇಲಿನ ಬದುಕು. ದುಡಿಯಲು, ಓದಲು ಹೋದ ನಮ್ಮ ಮಕ್ಕಳು ಹೆಚ್ಚಾಗಿ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಅಲ್ಲಿ, ಕೋಣೆಯಲ್ಲಿ, ರಸ್ತೆಯಲ್ಲಿ, ಕರಾರುಪತ್ರದ ಸಣ್ಣಕ್ಷರಗಳಲ್ಲಿ.

ಆಮೇಲೆ ಮಂಗಾಫ್. ‘ನಾವು ಕೂತಿರುವ ಈ ಕಟ್ಟಡಕ್ಕೆ ಇಳಿಯುವ ದಾರಿ ಎಷ್ಟು?’ ಎಂದು ಕೇಳಿದೆ. ಒಂದು ಎಂದರು ಎಲ್ಲರೂ. ಹಿಂದುಗಡೆ ಇನ್ನೊಂದಿದೆ, ಅದಕ್ಕೆ ಬೀಗ, ಬೀಗದ ಕೈ ಜವಾನರ ಹತ್ತಿರ. ಅವರನ್ನು ಕರೆದು ತೆಗೆಸಿ ಎಲ್ಲರನ್ನೂ ಆ ಮೆಟ್ಟಿಲಲ್ಲಿ ಇಳಿಸಿದೆ. ಮೇಲೆ ಹತ್ತಿ ಬಂದು, ಈ ಸಲ ಕಣ್ಣು ಮುಚ್ಚಿ, ಗೋಡೆ ಮುಟ್ಟುತ್ತ, ಬಗ್ಗಿ ಇಳಿಸಿದೆ. ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ನೆಲದ ಹತ್ತಿರ ಮಾತ್ರ ಸ್ವಲ್ಪ ಉಸಿರಾಡುವ ಗಾಳಿ ಇರುತ್ತದೆ. ಹೊಸ ದೇಶದಲ್ಲಿ ಮೊದಲ ರಾತ್ರಿ ಮಲಗುವ ಮುಂಚೆ ಮನೆಗೆ ಫೋನ್ ಮಾಡುವುದಕ್ಕಿಂತ ಮೊದಲು ಈ ಕೆಲಸ ಆಗಬೇಕು. ಎರಡನೇ ದಾರಿ ಯಾವುದು, ಬಾಗಿಲಿಗೆ ಬೀಗ ಇದೆಯೇ, ಕಿಟಕಿಗೆ ಸರಳು ಹಾಕಿದ್ದಾರೆಯೇ. ಸೀಮಿತ ಜಾಗದಲ್ಲಿ ಪ್ಲೈವುಡ್ ಹಲಗೆ ಅಡ್ಡ ಹಾಕಿ ಹತ್ತಾರು ಜನರನ್ನು ಮಲಗಿಸಿದ್ದರೆ ಅಲ್ಲಿಂದ ಬೇರೆ ಕಡೆಗೆ ಹೋಗುವ ಪ್ರಯತ್ನವನ್ನು ಮರುದಿನವೇ ಶುರು ಮಾಡಬೇಕು.

ತುರ್ತು ಸಂಖ್ಯೆ ಬರೆಸಿದೆ. ಯುರೋಪಿನ ಒಕ್ಕೂಟದಲ್ಲಿ, ಜಾರ್ಜಿಯಾದಲ್ಲಿ, ಕುವೈತಿನಲ್ಲಿ 112, ಇಂಗ್ಲೆಂಡಿನಲ್ಲಿ 999. ನಮ್ಮ ದೇಶದಲ್ಲೂ 112 ಎಂಬುದು ತರಗತಿಯ ಅರ್ಧದಷ್ಟು ಜನರಿಗೆ ಗೊತ್ತಿರಲಿಲ್ಲ.

ಜೂನ್ 19, ಗುರುವಾರ

ಇಸ್ರೇಲ್ ಜೊತೆಗಿನ ಕದನಕ್ಕೆ ಸಿಕ್ಕಿದ ಇರಾನಿನಿಂದ ಪಾರಾದ ನಮ್ಮವರನ್ನು ಹೊತ್ತ ಮೊದಲ ವಿಮಾನ ದಿಲ್ಲಿಗೆ ಬಂದಿದೆ. ಉರ್ಮಿಯಾದ ವೈದ್ಯಕೀಯ ವಿದ್ಯಾರ್ಥಿಗಳು ಸೇರಿ 110 ಜನ, ರಸ್ತೆಯಲ್ಲಿ ಅರ್ಮೇನಿಯಾ ದಾಟಿ, ಯೆರೆವಾನಿನಿಂದ ವಿಮಾನ ಹತ್ತಿ ಬಂದವರು. ‘ಆಪರೇಷನ್ ಸಿಂಧು’ ಎಂದು ಹೆಸರು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಟೆಹ್ರಾನಿನಲ್ಲಿ ಓದುವವರು. ಅವರ ತಂದೆತಾಯಿಗಳ ಮುಖ ಟಿವಿಯಲ್ಲಿ ನೋಡಿದೆ.

ಆ ಮುಖಗಳನ್ನು ನೋಡಿದಾಗೆಲ್ಲ ನನಗೆ ನೆನಪಾಗುವುದು ಹಾವೇರಿ ಜಿಲ್ಲೆಯ ಚಳಗೇರಿ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ನವೀನ್ ಗ್ಯಾನಗೌಡರ್ ಆ ಊರಿನ ಹುಡುಗ. ನಾಲ್ಕನೇ ವರ್ಷದ ವೈದ್ಯಕೀಯ ವಿದ್ಯಾರ್ಥಿ, ಇಪ್ಪತ್ತೊಂದು ವಯಸ್ಸು. ಗೆಳೆಯರಿಗೂ ತನಗೂ ಊಟದ ಸಾಮಾನು ತರಲು ಬಂಕರ್ ಬಿಟ್ಟು ಹೊರಗೆ ಹೋಗಿದ್ದ. ಮಾರ್ಚ್ 21ರಂದು ಶವ ಊರಿಗೆ ಬಂತು. ಪೂಜೆ ಮುಗಿಸಿ ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಲು ಹೋದವನ ದೇಹ ಡಾಕ್ಟರಾಗುವವರ ಕಲಿಕೆಗೆ.

ಉಕ್ರೇನಿನಲ್ಲಿ ಓದುತ್ತಿದ್ದ ಮಕ್ಕಳು ಮೊದಲೇ ಯಾಕೆ ಬರಲಿಲ್ಲ ಎಂದು ಆಗ ಕೇಳಿದವರಿದ್ದರು. ಆ ಪ್ರಶ್ನೆ ಕೇಳುವ ಹಕ್ಕು ನಮಗಿಲ್ಲ ಎಂದೇ ನನ್ನ ಭಾವನೆ. ಕೀವ್‌ನ ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ರಂದು ‘ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡಬಹುದು’ ಎಂದಿತ್ತು. ಕಾಲೇಜುಗಳು ಹಾಜರಾತಿ ಕೇಳುತ್ತಿದ್ದವು, ವಿಮಾನದ ಟಿಕೆಟ್ ದರ ಏರಿತ್ತು. ಸಾಲ ಮಾಡಿ ಕಳಿಸಿದ ಮನೆಯ ಮಗ ಅಂಥ ಸೂಚನೆ ಓದಿ ಏನು ತೀರ್ಮಾನ ಮಾಡಬಲ್ಲ? ಆದ್ದರಿಂದ ಕಲಿಸಬೇಕಾದದ್ದು ಮುಂಚೆಯೇ ಇದೆ. ಅಲ್ಲಿ ಇಳಿದ ವಾರದೊಳಗೆ ರಾಯಭಾರ ಕಚೇರಿಯಲ್ಲಿ, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು. ಹೊರಡಿ ಎಂಬ ಮಾತು ಎಷ್ಟೇ ಮೆದುವಾಗಿ ಬಂದರೂ ಅದನ್ನು ಗಟ್ಟಿಯಾಗಿ ಓದುವುದು. ಹಿಂದಿರುಗುವ ಟಿಕೆಟ್ಟಿನ ಹಣ ಯಾರೂ ಮುಟ್ಟದ ಹಾಗೆ ಇಡುವುದು. ಕೋಣೆಯಲ್ಲಿ ಮೂರು ದಿನಕ್ಕಾಗುವಷ್ಟು ನೀರು, ಒಣ ತಿನಿಸು, ಟಾರ್ಚ್, ಆ ದೇಶದ ನಗದು. ಅದೊಂದೇ ನವೀನ್‌ನನ್ನು ಉಳಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ. ಯುದ್ಧಕ್ಕೆ ಯಾವ ತಯಾರಿಯೂ ಸಾಲದು.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಇಸ್ರೇಲ್–ಇರಾನ್ ಕದನ ನಿಂತಿದೆ ಎಂಬ ಸುದ್ದಿ. ಅಲೀಪುರದ ಮಕ್ಕಳು ಬರುತ್ತಿದ್ದಾರೆ.

ಜುಲೈ 6, ಭಾನುವಾರ, ಯಲಬುರ್ಗಾ ಕಡೆಯ ಒಂದು ಹಳ್ಳಿ

ಮೊಹರಂ ಎಂದು ತರಗತಿ ಇಲ್ಲ. ಜಾರ್ಜಿಯಾ ಹುಡುಗನ ಊರಿಗೆ ಬಂದೆ. ಇಲ್ಲಿ ಅಲಾಯಿ ದೇವರಿಗೆ ಎಲ್ಲ ಜಾತಿಯವರೂ ಸಕ್ಕರೆ ಓದಿಸುತ್ತಾರೆ. ಗುಳೆ ಹೋದವರೂ ಗೋವಾ, ಮಂಗಳೂರು, ಬೆಂಗಳೂರಿನಿಂದ ಈ ಹಬ್ಬಕ್ಕೆ ಬರುತ್ತಾರೆ. ಊರು ತುಂಬಿತ್ತು.

ಹುಡುಗನ ಅಜ್ಜ ಹಿಂದೆ ಮೇಸ್ತ್ರಿ. ಜನ ಕಟ್ಟಿಕೊಂಡು ಗೋವಾಕ್ಕೆ ರಸ್ತೆ ಕೆಲಸಕ್ಕೆ ಹೋಗುತ್ತಿದ್ದವರು. ಮೊಮ್ಮಗನ ಪ್ರಯಾಣದ ಬಗ್ಗೆ ಕೇಳಿದಾಗ ಅವರು ತಮ್ಮ ಕಾಲದ ಮಾತು ಹೇಳಿದರು. ‘ಗುಳೇ ಕರ್ಕೊಂಡು ಹೋಗೂ ಮುಂದ ಮೂರು ಮಾತು ಕೇಳ್ತಿದ್ನಿರಿ ಮಾಸ್ತರ್ರ. ಮನ್ಯಾಗ ಯಾರದಾರ? ಅಲ್ಲಿ ಗುರ್ತಿನವರು ಯಾರದಾರ? ಹೊಳ್ಳಿ ಬರಾಕ ರೊಕ್ಕ ಎಲ್ಲಿಟ್ಟಿ? ಮೂರಕ್ಕೂ ಉತ್ತರ ಇಲ್ಲಂದ್ರ ಲಾರಿ ಹತ್ತಸ್ತಿದ್ದಿಲ್ಲ.’ ಹೆಂಗಸರಿಗೆ ಬಸ್ಸಿನ ಹಣವನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಸುತ್ತಿದ್ದರಂತೆ. ಗಂಡನಿಗೂ ಬಿಚ್ಚಿ ಕೊಡಬಾರದು ಎಂಬ ಕಟ್ಟಪ್ಪಣೆ.

ನಾನು ಪುಸ್ತಕ ನೋಡಿ, ಇಲಾಖೆಯ ಸುತ್ತೋಲೆ ನೋಡಿ ತಯಾರಿಸಿದ ಪಾಠದ ತಿರುಳೆಲ್ಲ ಆ ಮೂರು ಪ್ರಶ್ನೆಗಳಲ್ಲಿ ಬಂದುಬಿಟ್ಟಿತು. ಮಳೆ ಕೈಕೊಟ್ಟಾಗೆಲ್ಲ ಈ ನೆಲದ ಜನ ಊರು ಬಿಟ್ಟು ಊರು ಸೇರಿದ್ದಾರೆ. ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆಗಳಲ್ಲಿ ಈ ತಿಳಿವಳಿಕೆ ಎರಡು ಮೂರು ತಲೆಮಾರಿನದು. ಅದು ಹುಡುಗರಿಗೆ ನಾಚಿಕೆಯ ವಿಷಯವಾಗಿದೆ, ಗುಳೆ ಎಂಬ ಹೆಸರೇ ಬೇಡ ಅವರಿಗೆ. ವಿಮಾನ ಹತ್ತುವವನಿಗೆ ಲಾರಿ ಹತ್ತಿದ ಅಜ್ಜನಿಂದ ಕಲಿಯುವುದೇನು ಎಂಬ ಭಾವ. ಇನ್ನು ಮುಂದೆ ನನ್ನ ಪಾಠ ಈ ಮೂರು ಪ್ರಶ್ನೆಗಳ ಮೇಲೆಯೇ ನಿಲ್ಲಲಿ. ಅಜ್ಜನನ್ನು ಒಂದು ಭಾನುವಾರ ಕೊಪ್ಪಳಕ್ಕೆ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ.

ಜುಲೈ 13, ಭಾನುವಾರ

ಕುಷ್ಟಗಿಯ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ಫೋನ್ ತೋರಿಸಿದ. ಟೆಲಿಗ್ರಾಂನಲ್ಲಿ ಬಂದ ಕರೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ತಿಂಗಳಿಗೆ 80 ಸಾವಿರ, ಊಟ ವಸತಿ ಉಚಿತ, ಟಿಕೆಟ್ ಅವರದೇ, ಸಂದರ್ಶನ ವಾಟ್ಸ್‌ಆ್ಯಪ್‌ನಲ್ಲಿ. ಹತ್ತು ನಿಮಿಷ ಮಾತಾಡಿ ‘ಸೆಲೆಕ್ಟ್’ ಎಂದಿದ್ದಾರೆ. ಒಂದು ವಾರದಲ್ಲಿ ಹೊರಡಬೇಕಂತೆ.

ಎಲ್ಲರನ್ನೂ ಮತ್ತೆ ಕೂರಿಸಿದೆ. ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ಮೇ ಸೋಟ್ ಎಂಬ ಗಡಿ ಊರಿಗೆ ಒಯ್ಯುತ್ತಾರೆ. ಅಲ್ಲಿಂದ ಮೊಯಿ ನದಿ ದಾಟಿಸಿದರೆ ಮ್ಯಾನ್ಮಾರಿನ ಮ್ಯಾವಡಿ. ಎತ್ತರದ ಗೋಡೆಯ ಆವರಣಗಳು, ಬಂದೂಕು ಹಿಡಿದ ಕಾವಲು. ಪಾಸ್‌ಪೋರ್ಟ್ ಕಿತ್ತುಕೊಂಡು ಕಂಪ್ಯೂಟರಿನ ಮುಂದೆ ಕೂರಿಸಿ ಜಗತ್ತಿನ ಜನರಿಗೆ ಮೋಸ ಮಾಡುವ ಕೆಲಸ ಹಚ್ಚುತ್ತಾರೆ. ಒಪ್ಪದವರಿಗೆ ಹೊಡೆತ. ಬಿಡಬೇಕಾದರೆ ಮನೆಯಿಂದ ಲಕ್ಷಗಟ್ಟಲೆ ತರಿಸಬೇಕು. ಇದೇ ವರ್ಷ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ ಅಲ್ಲಿಂದ 549 ಭಾರತೀಯರನ್ನು ಕರೆತಂದವು. ಓದಿದವರು, ಇಂಗ್ಲಿಷ್ ಬಲ್ಲವರು, ಕಂಪ್ಯೂಟರ್ ಗೊತ್ತಿದ್ದವರು. ಆ ಆವರಣಗಳಿಗೆ ಬೇಕಾಗಿರುವುದೇ ಅಂಥವರು.

ದೂರದ ಮಾತು ಎನಿಸಬಾರದೆಂದು ಕಲಬುರಗಿಯ ಯುವಕರ ಕಥೆಯನ್ನೂ ಹೇಳಿದೆ. ಯೂಟ್ಯೂಬ್ ವಿಡಿಯೊ ನೋಡಿ, ಸೆಕ್ಯೂರಿಟಿ ಕೆಲಸ ಎಂದು ನಂಬಿ 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದರು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದರು. ಕೈಗೆ ಬಂದೂಕು ಬಂತು, ಉಕ್ರೇನ್ ಗಡಿಯಲ್ಲಿ ಕಂದಕ ತೋಡುವ ಕೆಲಸ ಬಂತು. ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೇ ಜಾಲದಲ್ಲಿ ಹೋದ ಸೂರತ್ತಿನ ಯುವಕ ಹಿಂದಿರುಗಲಿಲ್ಲ.

ಆಮೇಲೆ ನಾನೇ ಏಜೆಂಟನಾಗಿ ಕೂತೆ. ಒಬ್ಬೊಬ್ಬರೂ ಬಂದು ನನ್ನನ್ನು ಪ್ರಶ್ನೆ ಕೇಳಬೇಕು. ಕಂಪನಿಯ ಹೆಸರೇನು, ಯಾವ ಊರು, ವೀಸಾ ಯಾವುದು, ನಿಮ್ಮ ನೋಂದಣಿ ಸಂಖ್ಯೆ ಏನು. ಮಕ್ಕಳು ಬಂದರು, ನಿಂತರು, ಒಂದು ಕೇಳಿದರು, ನಾನು ಸ್ವಲ್ಪ ಗಡುಸಾಗಿ ಉತ್ತರ ಕೊಟ್ಟ ಕೂಡಲೇ ‘ಆತ್ರಿ ಸರ್’ ಎಂದು ತಲೆಬಾಗಿಸಿ ಹೋದರು. ಯಾಕೆಂದು ಕೇಳಿದರೆ ಫೋನ್ ತೋರಿಸಿದ ಹುಡುಗನೇ ಹೇಳಿದ: ‘ಭಾಳ ಕೇಳಿದ್ರ ಕೆಲಸ ಕೊಡಂಗಿಲ್ಲ ಅಂತ ಅಂಜಿಕಿ ಆಕ್ಕೈತ್ರಿ ಸರ್.’

ಇದು ನನ್ನನ್ನು ರಾತ್ರಿಯವರೆಗೂ ಬಿಟ್ಟಿಲ್ಲ. ಕೊಡುವವನ ಮುಂದೆ ಬಾಯಿ ಎತ್ತಬಾರದು ಎಂದು ಶತಮಾನಗಳಿಂದ ಕಲಿಸಿದ್ದೇವೆ. ಹೊಲದ ಯಜಮಾನನ ಮುಂದೆ, ಕಚೇರಿಯ ಗುಮಾಸ್ತನ ಮುಂದೆ, ಶಾಲೆಯಲ್ಲಿ ನಮ್ಮಂಥ ಮಾಸ್ತರರ ಮುಂದೆ. ಆ ವಿಧೇಯತೆಯೇ ಮೋಸಗಾರನ ಬಂಡವಾಳ. ಮುಂದಿನ ವಾರಗಳಲ್ಲಿ ಪ್ರತಿ ತರಗತಿಯ ಮೊದಲ ಅರ್ಧ ಗಂಟೆ ಪ್ರಶ್ನೆ ಕೇಳುವುದಕ್ಕೇ ಮೀಸಲು. ನಾನು ಸಿಟ್ಟು ಮಾಡಿದರೂ ನಿಲ್ಲಿಸದೆ ಕೇಳುವುದನ್ನು ರೂಢಿಸಬೇಕು.

1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವವನು ನೋಂದಣಿ ಮಾಡಿಸಿರಬೇಕು. ‘ಇಮೈಗ್ರೇಟ್’ ಜಾಲತಾಣದಲ್ಲಿ ಅವನ ಹೆಸರು, ಪರವಾನಗಿಯ ಅವಧಿ ಕಾಣುತ್ತದೆ. ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಹುಡುಗನ ಟೆಲಿಗ್ರಾಂ ಸಂಸ್ಥೆಯನ್ನು ಅಲ್ಲೇ ಹುಡುಕಿಸಿದೆ. ಅಂಥ ಹೆಸರೇ ಇರಲಿಲ್ಲ. ಅವನು ಆ ನಂಬರ್ ಅಳಿಸಲಿಲ್ಲ, ಸೈಬರ್ ಠಾಣೆಗೆ ದೂರು ಕೊಡಲು ಇಟ್ಟುಕೊಂಡಿದ್ದಾನೆ. ಹೆಮ್ಮೆಯಾಯಿತು.

ಜುಲೈ 20, ಭಾನುವಾರ, ಆನೆಗೊಂದಿ

ತರಗತಿಯನ್ನು ಇಲ್ಲಿಗೆ ತಂದೆ. ನಮ್ಮ ಜಿಲ್ಲೆಯಲ್ಲಿ ವಿದೇಶಿಯರು ದಿನನಿತ್ಯ ಕಾಣುವ ಜಾಗ ಇದೊಂದೇ. ಹೋಂಸ್ಟೇ ನಡೆಸುವ ಒಬ್ಬರು ಮಕ್ಕಳಿಗೆ ‘ಫಾರ್ಮ್ ಸಿ’ ತೋರಿಸಿದರು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಸರ್ಕಾರಕ್ಕೆ ತಿಳಿಸಬೇಕು. ನಾವು ಅಲ್ಲಿಗೆ ಹೋದಾಗಲೂ ನಮ್ಮ ಬಗ್ಗೆ ಹೀಗೇ ಬರೆಯುತ್ತಾರೆಯೇ ಎಂದು ಒಬ್ಬಳು ಕೇಳಿದಳು. ಅನೇಕ ದೇಶಗಳಲ್ಲಿ ಬರೆಯುತ್ತಾರೆ. ಜರ್ಮನಿಯಲ್ಲಿ ಮನೆ ಹಿಡಿದ ಎರಡು ವಾರದೊಳಗೆ ನಾವೇ ಹೋಗಿ ವಿಳಾಸ ದಾಖಲಿಸಬೇಕು ಎಂದು ನರ್ಸಿಂಗ್ ಹುಡುಗಿಯರು ಉಳಿದವರಿಗೆ ಹೇಳಿಕೊಟ್ಟರು.

ಪಕ್ಕದ ಸಾಣಾಪುರದ ವಿಷಯ ಎತ್ತದೆ ಇರಲು ಸಾಧ್ಯವಿರಲಿಲ್ಲ. ಮಾರ್ಚ್ 6ರ ರಾತ್ರಿ ಕಾಲುವೆಯ ಬದಿಯಲ್ಲಿ ನಕ್ಷತ್ರ ನೋಡುತ್ತ ಕೂತಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ದಾಳಿ ಮಾಡಿ, ಗಂಡಸರನ್ನು ನೀರಿಗೆ ತಳ್ಳಿ, ಇಸ್ರೇಲಿನ ಒಬ್ಬ ಮಹಿಳೆ ಮತ್ತು ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರು. ಒಡಿಶಾದ ಯುವಕ ಕಾಲುವೆಯಲ್ಲಿ ಪ್ರಾಣ ಬಿಟ್ಟ. ‘ರಾತ್ರಿ ಅಷ್ಟೊತ್ತಿನ್ಯಾಗ ಅಲ್ಲಿ ಯಾಕ ಹೋಗಬೇಕಿತ್ತು?’ ಎಂದ ಒಬ್ಬ ಹುಡುಗ. ಗಂಗಾವತಿಯ ಹುಡುಗಿ ತಕ್ಷಣ ತಿರುಗಿ ಕೇಳಿದಳು: ‘ನಾನು ಜರ್ಮನಿ ಆಸ್ಪತ್ರಿಯಾಗ ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಹೊಂಟಾಗ ಯಾರರೆ ಏನರೆ ಮಾಡಿದ್ರ, ನೀ ಹಿಂಗ ಅಂತಿಯೇನು?’ ಹುಡುಗನ ಬಳಿ ಉತ್ತರವಿರಲಿಲ್ಲ.

ತಪ್ಪು ದಾಳಿ ಮಾಡಿದವರದು. ಇದನ್ನು ಮೊದಲು ಹೇಳದೆ ಹೆಣ್ಣುಮಕ್ಕಳಿಗೆ ಜಾಗ್ರತೆಯ ಪಾಠ ಹೇಳಲು ಕೂರುವುದು ಅನ್ಯಾಯ. ಹೇಳಿದ ಮೇಲೆ, ಹೌದು, ಲೈವ್ ಲೊಕೇಶನ್ ಹಂಚಿಕೊಳ್ಳುವುದು, ರಾತ್ರಿ ಪಾಳಿಯವರು ಜೊತೆಯಾಗಿ ಹೊರಡುವುದು, ಕೊನೆಯ ಬಸ್ಸಿನ ಹೊತ್ತು ತಿಳಿದಿರುವುದು, ಇವೆಲ್ಲ ಬೇಕು. ಪರದೇಶದಲ್ಲಿ ನಮ್ಮ ಮಕ್ಕಳ ಕ್ಷೇಮ ಅಲ್ಲಿನ ಯಾವುದೋ ಊರಿನ ಹುಡುಗರ ನಡತೆಯ ಮೇಲೆ ನಿಂತಿದೆ. ನಮ್ಮೂರಿಗೆ ಬಂದವರ ಕ್ಷೇಮ ನಮ್ಮ ಹುಡುಗರ ಮೇಲೆ.

ಜುಲೈ 27, ಭಾನುವಾರ

ರೊಟ್ಟಿ ಹಬ್ಬ. ಬಂದವರೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ತಂದಿದ್ದರು. ಒಬ್ಬ ತಾಯಿ ಕರ್ಚಿಕಾಯಿ ಡಬ್ಬಿ ಕೊಟ್ಟು, ‘ಮಗ ದುಬೈಗೆ ಹೋಗೂ ಮುಂದನೂ ಇದನ್ನ ಮಾಡಿ ಕಟ್ಟಸ್ತೀನ್ರಿ’ ಎಂದರು. ಹೂರಣದಲ್ಲಿ ಏನೇನು ಹಾಕಿದ್ದೀರಿ ಎಂದೆ. ಪುಠಾಣಿ, ಒಣ ಕೊಬ್ಬರಿ, ಬೆಲ್ಲ, ಏಲಕ್ಕಿ, ಗಸಗಸೆ.

ಗಸಗಸೆ! ಅರಬ್ ಎಮಿರೇಟ್ಸ್, ಸೌದಿ, ಸಿಂಗಪುರದಲ್ಲಿ ಅದು ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಮಾದಕ ದ್ರವ್ಯದ ಕಾನೂನಿಗೆ ಬರುತ್ತದೆ. ಸ್ವಲ್ಪವೇ ಇದೆ, ಅಡುಗೆಗೆ ಎಂದರೆ ನಡೆಯುವುದಿಲ್ಲ. ತಾಯಿ ಬೆಚ್ಚಿಬಿದ್ದರು. ಎಳ್ಳು ಹಾಕಿ ಮಾಡಿಕೊಡಿ ಎಂದೆ. ಅಜ್ಜಿಯ ಎಲೆ ಅಡಿಕೆ ಚೀಲ ದುಬೈಗೆ ಬೇಡ. ಗುಟ್ಕಾ ಎಲ್ಲಿಗೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಮಾತ್ರೆ ಅಲ್ಲಿ ನಿಯಂತ್ರಿತ. ಡಾಕ್ಟರ ಚೀಟಿ, ಆ ದೇಶದ ಆರೋಗ್ಯ ಇಲಾಖೆಯ ಪೂರ್ವಾನುಮತಿ ಇಲ್ಲದೆ ಒಯ್ಯಬಾರದು.

ಇದಕ್ಕೆ ಸೇರಿದ ಇನ್ನೊಂದು ಮಾತು, ಬೇರೆಯವರ ಗಂಟು. 2019ರ ಜುಲೈನಲ್ಲಿ ಮುಂಬೈಯ ಗಂಡ ಹೆಂಡತಿ ಕತಾರಿಗೆ ಹೋದರು. ಹತ್ತಿರದ ಸಂಬಂಧಿಯೊಬ್ಬರು ಒಂದು ಪೊಟ್ಟಣ ಕೊಟ್ಟಿದ್ದರು. ದೋಹಾದಲ್ಲಿ ಅದರೊಳಗೆ ನಾಲ್ಕು ಕಿಲೋ ಹಶೀಶ್ ಸಿಕ್ಕಿತು. ಹತ್ತು ವರ್ಷ ಶಿಕ್ಷೆ. ಆಕೆ ಬಸುರಿ, ಜೈಲಿನಲ್ಲೇ ಹೆತ್ತಳು. ನಿರಪರಾಧಿಗಳೆಂದು ಬಿಡುಗಡೆಯಾಗಿ ಊರು ಸೇರುವ ಹೊತ್ತಿಗೆ 2021 ಬಂದಿತ್ತು. ನಮ್ಮ ಕಡೆ ಯಾರಾದರೂ ಹೊರಟರೆಂದರೆ ಓಣಿಯವರೆಲ್ಲ ಒಂದೊಂದು ಗಂಟು ತರುತ್ತಾರೆ. ಬೇಡ ಎನ್ನುವುದು ಸಂಬಂಧ ಕಡಿದಂತೆ. ನನ್ನ ಸಲಹೆ ಇಷ್ಟು: ಅವರ ಎದುರಿಗೇ ಬಿಚ್ಚಿ ನೋಡಿ, ನೀವೇ ಮತ್ತೆ ಕಟ್ಟಿ. ಬಿಚ್ಚಲು ಒಪ್ಪದವರ ಗಂಟು ಮನೆಯಲ್ಲೇ ಉಳಿಯಲಿ.

ಆಗಸ್ಟ್ 10, ಭಾನುವಾರ

ಜಾರ್ಜಿಯಾ ಹುಡುಗನ ತಂದೆ ಬಂದಿದ್ದರು. ಎರೆ ಹೊಲ ಎರಡು ಎಕರೆ ಮಾರುವ ಮಾತುಕತೆ ನಡೆದಿದೆ. ಕನ್ಸಲ್ಟೆನ್ಸಿಯವರು ಕೊಟ್ಟ ಹೊಳೆಯುವ ಪುಸ್ತಿಕೆ ಅವರ ಕೈಯಲ್ಲಿತ್ತು. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ನಾವು ಹುಡುಕಿದೆವು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು, ಅದೂ ಇಂಗ್ಲಿಷಿನಲ್ಲಿ. ಅದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಶಿಪ್. ಆ ದೇಶದಲ್ಲಿಯೇ ವೈದ್ಯನಾಗಿ ನೋಂದಣಿಯಾಗುವ ಅರ್ಹತೆ ಆ ಪದವಿಗೆ ಇರಬೇಕು. ನೀಟ್ ಪಾಸಾಗಿರಬೇಕು. ಬಂದ ಮೇಲೆ ಇಲ್ಲಿನ ಪರೀಕ್ಷೆ ಬೇರೆ. ಇವುಗಳಲ್ಲಿ ಒಂದು ತಪ್ಪಿದರೂ ಹೊಲವೂ ಹೋಯಿತು, ಡಾಕ್ಟರಿಕೆಯೂ ಹೋಯಿತು.

ಕೆಲಸಕ್ಕೆ ಕಳಿಸುವವನಿಗೆ ವಲಸೆ ಕಾಯ್ದೆಯ ನೋಂದಣಿ ಬೇಕು. ಓದಲು ಕಳಿಸುವ ಕನ್ಸಲ್ಟೆನ್ಸಿ ಆ ಕಾಯ್ದೆಯ ಹಿಡಿತಕ್ಕೆ ಬರುವುದಿಲ್ಲ. ಇದು ದೊಡ್ಡ ಕೊರತೆ. 2023ರಲ್ಲಿ ಕೆನಡಾದಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿ ಎಂದು ಬಯಲಾಗಿ ಅವರನ್ನು ವಾಪಸ್ ಕಳಿಸುವ ಮಾತು ಬಂದಿತ್ತು. ಓದು ಮುಗಿಸಿದ ಮೇಲೆ ಗೊತ್ತಾದದ್ದು. ಹಾಗಾಗಿ ಪ್ರವೇಶ ಪತ್ರ ಬಂದರೆ ಏಜೆಂಟ್ ಕೊಟ್ಟ ಇಮೇಲಿಗೆ ಅಲ್ಲ, ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು ಕೇಳಬೇಕು. ಹುಡುಗ ಅಲ್ಲೇ ಕೂತು ಬರೆದ. ಉತ್ತರ ಬರುವವರೆಗೆ ಹೊಲದ ಮಾತು ನಿಲ್ಲಿಸುತ್ತೇನೆ ಎಂದರು ತಂದೆ.

ಕಿರ್ಗಿಸ್ತಾನದ ಬಿಷ್ಕೆಕ್‌ನ ವಿಷಯವನ್ನೂ ಹೇಳಿದೆ. 2024ರ ಮೇ ತಿಂಗಳಲ್ಲಿ ಅಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ನುಗ್ಗಿದ್ದವು. ಅಂಥ ಹೊತ್ತಿನಲ್ಲಿ ವಿಡಿಯೊ ತೆಗೆಯಲು ಬಾಲ್ಕನಿಗೆ ಬರಬಾರದು, ದೀಪ ಆರಿಸಿ ಒಳಗಿರಬೇಕು.

ಆಗಸ್ಟ್ 17, ಭಾನುವಾರ

ಇಂದು ಮಕ್ಕಳಿಗಲ್ಲ, ಮನೆಯವರಿಗೆ ತರಗತಿ. ಮೇಸ್ತ್ರಿ ಅಜ್ಜ ಬಂದು ತಮ್ಮ ಮೂರು ಪ್ರಶ್ನೆ ಹೇಳಿದರು. ಬೇರೆ ಯಾರು ಹೇಳಿದ್ದರೂ ಆ ತಂದೆತಾಯಿಗಳು ಅಷ್ಟು ಗಮನವಿಟ್ಟು ಕೇಳುತ್ತಿರಲಿಲ್ಲ.

ಮಗನ ಪಾಸ್‌ಪೋರ್ಟಿನ ನಕಲು, ವೀಸಾ, ವಿಮೆಯ ಕಾಗದ, ಅಲ್ಲಿನ ವಿಳಾಸ, ಜೊತೆಗಿರುವ ಇಬ್ಬರ ನಂಬರ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ದೇವರ ಜಗಲಿಯ ಹತ್ತಿರವೋ ಟ್ರಂಕಿನಲ್ಲೋ. ವಿಳಾಸವನ್ನು ಕನ್ನಡದಲ್ಲೂ ಬರೆದಿಡಬೇಕು. ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ತಕ್ಷಣ ಹಣ ಕಳಿಸಿ ಎಂದು ಫೋನ್ ಬಂದರೆ? ಈಗ ದನಿಯನ್ನೂ ನಕಲು ಮಾಡುತ್ತಾರೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳಿ, ಅದನ್ನು ಕೇಳಿ ಎಂದೆ. ಒಬ್ಬ ತಂದೆ ಎದ್ದು ‘ನಮ್ಮ ಎತ್ತಿನ ಹೆಸರ ಇಡ್ತೀವ್ರಿ’ ಎಂದರು. ಎಲ್ಲರಿಗೂ ಹಿಡಿಸಿತು. ಎಲ್ಲರ ಮುಂದೆ ಆ ಹೆಸರು ಹೇಳಬೇಡಿ ಎಂದು ತಡೆದೆ.

ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವ ಪ್ರಶ್ನೆ ಮತ್ತೆ ಬಂತು. ಅದು 1967ರ ಕಾಯ್ದೆಯಂತೆ ಭಾರತ ಸರ್ಕಾರದ ಸೊತ್ತು, ಯಾವ ಕಂಪನಿಗೂ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಕಸಿದುಕೊಂಡರೆ ರಾಯಭಾರ ಕಚೇರಿಗೆ ತಿಳಿಸಬೇಕು. ಮಗನಿಗೆ ಆಗದಿದ್ದರೆ ಇಲ್ಲಿಂದ ತಂದೆಯೂ ಮದದ್‌ನಲ್ಲಿ ದೂರು ಹಾಕಬಹುದು.

ಆಗಸ್ಟ್ 24, ಭಾನುವಾರ, ಕೊಪ್ಪಳ

ಪದವಿಪೂರ್ವ ಶಿಕ್ಷಣ ಇಲಾಖೆಗೆ ಪತ್ರ ಬರೆದು ಮುಗಿಸಿದೆ. ಜಿಲ್ಲೆಯ ಪ್ರತಿ ಪದವಿಪೂರ್ವ ಕಾಲೇಜಿನಲ್ಲಿ, ಪ್ರತಿ ಐಟಿಐಯಲ್ಲಿ ವರ್ಷಕ್ಕೆ ಎರಡು ದಿನ ಈ ಪಾಠ ನಡೆಯಲಿ, ಪಾಠ ಮಾಡಲು ಗುಳೆಯಿಂದ, ಕೊಲ್ಲಿಯಿಂದ ಮರಳಿದವರನ್ನೇ ಕರೆಯಲಿ ಎಂದು ಕೇಳಿದ್ದೇನೆ. ಬೆಂಗಳೂರಿನ ಮಕ್ಕಳಿಗೆ ಅಮೆರಿಕದಲ್ಲಿ ಅಣ್ಣನೋ ಚಿಕ್ಕಮ್ಮನೋ ಇರುತ್ತಾರೆ, ಮೊದಲ ರಾತ್ರಿಗೆ ಕರೆದೊಯ್ಯಲು ಯಾರೋ ನಿಲ್ದಾಣಕ್ಕೆ ಬರುತ್ತಾರೆ. ನಮ್ಮ ಕುಷ್ಟಗಿಯ ಹುಡುಗನ ಮನೆತನದಲ್ಲಿ ಪಾಸ್‌ಪೋರ್ಟ್ ಕಂಡ ಮೊದಲಿಗನೇ ಅವನು. ಅವನಿಗೆ ಆ ಚಿಕ್ಕಮ್ಮನ ಕೆಲಸವನ್ನು ಶಾಲೆ ಮಾಡದಿದ್ದರೆ ಟೆಲಿಗ್ರಾಂ ಮಾಡುತ್ತದೆ.

ಸಂಜೆ ಅದೇ ಹುಡುಗ ಅಪ್ಪನ ಜೊತೆ ಬಂದ. ಒಮಾನಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ನೋಂದಾಯಿತ ಏಜೆಂಟ್, ಪರವಾನಗಿಯ ಅವಧಿ ಇನ್ನೂ ಇದೆ, ತಾನೇ ನೋಡಿದ್ದಾನೆ. ಕರಾರುಪತ್ರ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಮೂವರೂ ಕೂತು ಇಂಗ್ಲಿಷ್ ಭಾಗವನ್ನು ಸಾಲು ಸಾಲಾಗಿ ಓದಿದೆವು. ಸಂಬಳ ಇದೆ, ದಿನದ ಗಂಟೆ ಇದೆ, ರಜೆ ಇದೆ, ಮರಳುವ ಟಿಕೆಟ್ ಕಂಪನಿಯದು ಎಂದಿದೆ. ಯಾವ ಊರಿನಲ್ಲಿ ಕೆಲಸ ಎಂದು ಬರೆದಿಲ್ಲ. ಅದನ್ನು ನನಗಿಂತ ಮೊದಲು ಕಂಡದ್ದು ಹುಡುಗನೇ. ಬರೆಸಿಕೊಂಡ ಮೇಲೆಯೇ ಸಹಿ ಎಂದು ಏಜೆಂಟನಿಗೆ ಅಲ್ಲಿಂದಲೇ ಫೋನ್ ಮಾಡಿದ. ಆ ಕಡೆಯವರು ಸ್ವಲ್ಪ ದನಿ ಏರಿಸಿದರು. ಇವನು ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದ. ತಿದ್ದಿದ ಪ್ರತಿ ಬುಧವಾರ ಬರುತ್ತದಂತೆ.